ಚರ್ಚಾಸ್ಪರ್ಧೆಗೆ ಹೋದ ದೇವರ ಗಂಟೆ

ಇವತ್ತು ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ದೇವರ ಗಂಟೆ ತಿಕ್ಕುತ್ತಿದ್ದೆ. ಕೈ ಜಾರಿ ಅದು ಒಮ್ಮೆ ಠಣ್ ಎಂದಿತು ನೋಡಿ, ಎಂಬತ್ತರ ದಶಕದ ವಿಜಯನಗರಕ್ಕೆ, ನಮ್ಮ ಬೀದಿಯ ಗಣೇಶನ ಪೆಂಡಾಲಿಗೆ ಹೋಗಿಬಿಟ್ಟೆ.

ಆಗೆಲ್ಲ ಗಣೇಶನ ಹಬ್ಬವೆಂದರೆ ಆರ್ಕೆಸ್ಟ್ರಾ ಜೊತೆಗೆ ಚರ್ಚಾಸ್ಪರ್ಧೆಯೂ ಇರಬೇಕು. ಆ ವರ್ಷದ ವಿಷಯ, ಜಪಾನಿನ ಮೇಲೆ ಅಣುಬಾಂಬ್ ಹಾಕಿದ್ದು ಸರಿಯೇ, ತಪ್ಪೇ. ನಲ್ಲಿಯಲ್ಲಿ ನೀರು ಬಾರದಿದ್ದರೂ ನಮ್ಮ ಬೀದಿಗೆ ಲೋಕದ ಚಿಂತೆ ಜಾಸ್ತಿ. ಯಾವ ಪಕ್ಷವೆಂದು ಚೀಟಿ ಎತ್ತಬೇಕು. ಬಂದ ಪಕ್ಷ ಬಿಟ್ಟು ಮಾತಾಡಿದರೆ ಬಹುಮಾನವಿಲ್ಲ. ಒಂದು ನಿಮಿಷ ಉಳಿದಾಗ ಒಮ್ಮೆ ಗಂಟೆ ಬಾರಿಸಬೇಕು, ಮುಗಿದಾಗ ಇನ್ನೊಮ್ಮೆ. ವೇದಿಕೆ ಹತ್ತಿದರೆ ನಾಲಿಗೆ ಹೊರಳದ ನನಗೆ ಆ ಕೆಲಸ ಸಿಕ್ಕಿತ್ತು. ಮನೆಯ ದೇವರ ಗಂಟೆಯನ್ನೇ ಒಯ್ದಿದ್ದೆ. ಎಡವಟ್ಟಾಗಿದ್ದು ಅಲ್ಲೇ. ಬಾರಿಸಿದಾಗಲೆಲ್ಲ ಮುಂದಿನ ಸಾಲಿನ ಅಜ್ಜಿಯರು ಮಂಗಳಾರತಿಯೆಂದು ಕೈಮುಗಿಯುವರು, ಹಿಂದಿನವರು ಗೊಳ್ಳೆಂದು ನಗುವರು.

ನನ್ನ ಗೆಳತಿ ಶಾರದೆ ಪಕ್ಕದ ಹೊಸಹಳ್ಳಿಯವಳು. ಅವಳಪ್ಪನಿಗೆ ಮಿಲ್ಲಿನಲ್ಲಿ ಕೆಲಸ. ಮಗಳು ಲಾ ಓದುತ್ತೇನೆಂದು ಹಟ ಹಿಡಿದಾಗ, ಇಲ್ಲಿ ಗೆದ್ದರೆ ಓದು, ಸೋತರೆ ಮದುವೆ ಎಂದು ಹೇಳಿ, ನೋಡಲು ತಾವೇ ಬಂದು ಕೂತಿದ್ದರು. ಅವಳಿಗೆ ಬಂದದ್ದು ‘ಸರಿ’ ಎಂಬ ಚೀಟಿ.

ಎಂಥ ಮಾತು ಅಂತೀರಿ. ಬಾಂಬ್ ಹಾಕದಿದ್ದರೆ ಯುದ್ಧ ಎಳೆಯುತ್ತಿತ್ತು, ಇನ್ನೆಷ್ಟು ತಾಯಂದಿರು ಮಕ್ಕಳನ್ನು ಕಳೆದುಕೊಳ್ಳುತ್ತಿದ್ದರು ಎಂದು ಅವಳು ಕೇಳಿದಾಗ ನನಗೂ ಹೌದಲ್ಲ ಎನಿಸಿತು. ತೀರ್ಪುಗಾರರು ತಲೆದೂಗಿದರು. ನಾನು ಮೊದಲ ಗಂಟೆ ಬಾರಿಸಿದೆ.

ಶಾರದೆ ಮಾತು ನಿಲ್ಲಿಸಿ ನನ್ನ ಕೈಯಲ್ಲಿದ್ದ ಗಂಟೆಯನ್ನೇ ನೋಡಿದಳು.

“ಇನ್ನೊಂದು ನಿಮಿಷ ಇದೆ ಅಂತ ನಂಗೆ ಗಂಟೆ ಹೊಡೆದು ಹೇಳಿದ್ರಿ,” ಎಂದಳು ಸಭೆಯತ್ತ ತಿರುಗಿ, ಮೆಲ್ಲಗೆ. “ಅದೂ ಬರೀ ಮಾತು ನಿಲ್ಸೋದಕ್ಕೆ. ಅವತ್ತು ಬೆಳಿಗ್ಗೆ ಬಾಂಬ್ ಬಿದ್ದ ಆ ಊರಲ್ಲಿ ಒಲೆ ಮುಂದೆ ಕೂತಿದ್ದೋರಿಗೆ ಯಾರು ಗಂಟೆ ಹೊಡೆದ್ರು? ಸರಿ ಅನ್ನೋಕೆ ನನ್ನ ಕೈಲಾಗಲ್ಲ.”

ಉಳಿದ ನಿಮಿಷವೆಲ್ಲ ಸುಮ್ಮನೆ ನಿಂತಳು. ದಿನವೂ ಜೊತೆಯಲ್ಲಿ ಕಡಲೆಕಾಯಿ ತಿನ್ನುವ ಹುಡುಗಿ ಇವಳೇನಾ ಎನಿಸಿತು. ಎರಡನೆಯ ಗಂಟೆ ಬಾರಿಸಿದೆ. ಅಜ್ಜಿಯರು ಕೈಮುಗಿದರು. ಈ ಸಲ ಯಾರೂ ನಗಲಿಲ್ಲ.

ಶೀಲ್ಡ್ ಬೇರೆಯವರ ಪಾಲಾಯಿತು. ಹೊರಗೆ ಅವಳಪ್ಪ ಸೈಕಲ್ ತಳ್ಳಿಕೊಂಡು ನಮ್ಮಿಬ್ಬರ ಜೊತೆ ಸ್ವಲ್ಪ ದೂರ ನಡೆದರು. ಆಮೇಲೆ ಮಗಳನ್ನು ಕೇಳಿದರು, “ಲಾ ಕಾಲೇಜು ಎಲ್ಲಿರೋದಮ್ಮ?”

ತಿಕ್ಕಿದ ಗಂಟೆ ಇವತ್ತು ಫಳಫಳ ಹೊಳೆಯುತ್ತಿತ್ತು. ಮಂಗಳಾರತಿಗೆ ಬಾರಿಸಿದೆ. ದಿನವೂ ದೇವರನ್ನೇ ನೋಡುತ್ತಾ ಬಾರಿಸುವವಳು, ಇವತ್ತು ಒಲೆಯ ಮುಂದಿದ್ದ ಸೊಸೆಯನ್ನು, ಶೂ ಹುಡುಕುತ್ತಿದ್ದ ಮೊಮ್ಮಗನನ್ನು ಕಣ್ತುಂಬ ನೋಡಿದೆ.