ಪ್ರೇಮಕ್ಕ ಹಂಚಿಕೊಂಡ ಉಬ್ಬಸದ ಮಾತ್ರೆ

ನಮ್ಮ ಓರಗಿತ್ತಿ ಪ್ರೇಮಮ್ಮ, ನನಗೆ ಪ್ರೇಮಕ್ಕ, ಎಚ್ಚರವಿದ್ದಾಗಲೂ ಅರ್ಧ ಕನಸಿನಲ್ಲೇ ಇರುತ್ತಿದ್ದಳು. ಕೆ.ಆರ್. ನಗರದ ಕಡೆ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವಳು. ರಾವಂದೂರಿನ ನಮ್ಮ ಮನೆಗೆ ಹಿರಿಸೊಸೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಅವಳ ಮನಸ್ಸು ಆ ನೀರಿನಲ್ಲೇ ತೇಲುತ್ತಿತ್ತು. ಒಲೆ ಮೇಲೆ ಸಾರು ಕುದಿಯುತ್ತಿದ್ದರೆ ಅವಳು ಹಿತ್ತಿಲಲ್ಲಿ ಬೆಟ್ಟದಪುರದ ಬೆಟ್ಟದ ಮೇಲಿನ ಮೋಡ ನೋಡುತ್ತಾ ನಿಂತಿರುವಳು. ಸಾರು ಸೀದ ಮೇಲೆ ಬೈಸಿಕೊಳ್ಳುವವಳು ಮಾತ್ರ ನಾನು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಮೈಸೂರಿನ ಡಾಕ್ಟರು ಒಳಗಿನದನ್ನೆಲ್ಲ ತೆಗೆದು, ಆ ಜಾಗದಲ್ಲಿ ಸಿಲಿಕೋನಿನ ಮೆತ್ತನೆ ಚೀಲವೊಂದನ್ನು ಇಟ್ಟು ಹೊಲಿದರು. ಆಪರೇಷನ್ ಆದದ್ದು ಊರಿಗೆಲ್ಲ ಗೊತ್ತು. ಚೀಲದ ವಿಷಯ ಅವಳ ಗಂಡ ನಟರಾಜು ಭಾವನಿಗೆ ಮತ್ತು ನನಗೆ ಮಾತ್ರ. ಈ ವಯಸ್ಸಿನಲ್ಲಿ ಇದೆಂಥ ಶೋಕಿ ಎಂದು ಜನ ಆಡಿಕೊಳ್ಳುತ್ತಾರೆಂಬ ಭಯ ಅವಳಿಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲು ಮುರಿದ ಗಂಡಸರು ರಾಡ್ ಹಾಕಿಸಿಕೊಂಡು, ಪಂಚೆ ಎತ್ತಿ ಊರಿಗೆಲ್ಲ ತೋರಿಸಿಕೊಂಡು ತಿರುಗುವುದಿಲ್ಲವೇ?

ಡಾಕ್ಟರು ಒಂದು ಎಚ್ಚರಿಕೆ ಹೇಳಿದ್ದರು. ಹೊರಗಿನ ವಸ್ತು ಒಳಗೆ ಸೇರಿದರೆ ಮೈ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದುಕೊಂಡು ಎದೆ ಕಲ್ಲಾಗುತ್ತದೆ, ನೋಯುತ್ತದೆ. ಹಾಗಾಗದಿರಲಿ ಎಂದು ಒಂದು ಮಾತ್ರೆ ಬರೆದುಕೊಟ್ಟರು. ಅದು ಅಸಲಿಗೆ ಉಬ್ಬಸದ ಮಾತ್ರೆ. ಪೊರೆ ಬಿಗಿಯುವುದನ್ನೂ ತಡೆಯಬಹುದು ಎಂದು ಕೆಲವು ಡಾಕ್ಟರು ನಂಬಿದ್ದಾರೆ, ಖಾತ್ರಿಯಿಲ್ಲ, ತಗೊಂಡರೆ ಮಾತ್ರ ತಪ್ಪಿಸದೆ ತಗೊಳ್ಳಿ ಅಂದರು. ಪ್ರೇಮಕ್ಕನಿಗೆ ಅಷ್ಟು ಆಸೆ ಸಾಕಾಯಿತು. ಮಧ್ಯಾಹ್ನ ಜಗಲಿಯಲ್ಲಿ ಕಣ್ಣು ಮುಚ್ಚಿ, ಸೆರಗಿನೊಳಗೆ ಕೈಯಿಟ್ಟು ಕೂತಿರುತ್ತಿದ್ದಳು. ಹೊಳೆಯಲ್ಲಿ ಈಜುವ ಕನಸು ಬೀಳುತ್ತದಂತೆ, ನೀರು ಬೆಚ್ಚಗಿರುತ್ತದಂತೆ, ಅಲ್ಲಿ ಎದೆ ಎರಡೂ ಅವಳವೇ ಅಂತೆ. ಹೇಳುವಾಗ ಅವಳ ಮುಖ ನೋಡಿದರೆ ನನಗೂ ಹಾಗೇ ಜೋಂಪು ಹತ್ತುತ್ತಿತ್ತು.

ನಮ್ಮತ್ತೆ ಚಿಕ್ಕಬೀರಮ್ಮನವರದು ನಿಜವಾದ ಉಬ್ಬಸ. ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಅದನ್ನು ಒಣಗಿಸುವ ಬ್ಯಾರನ್ನಿನ ಘಾಟಿಗೆ ಮಲಗಲಾಗದೆ, ಕೂತೇ ಏದುಸಿರು ಬಿಡುವ ಜೀವ. ಆಸ್ಪತ್ರೆಗೆ ಬನ್ನಿ ಎಂದರೆ ಜಪ್ಪಯ್ಯ ಅಂದರೂ ಬರುವವರಲ್ಲ. ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮ ಒಂದು ದಿನ ಗೂಡಿನಲ್ಲಿದ್ದ ಮಾತ್ರೆ ನೋಡಿ, ಉಬ್ಬಸ ಯಾರಿಗೆ ಎಂದು ಕೇಳಿಬಿಟ್ಟಳು. ಅತ್ತೆಯ ಕಿವಿ ನೆಟ್ಟಗಾಯಿತು. ನಮ್ಮ ಕಡೆ ಒಬ್ಬರಿಗೆ ಹಿಡಿಸಿದ ಮಾತ್ರೆ ಮನೆಮಂದಿಗೆಲ್ಲ ಸೇರಿದ್ದು. ಹೆಪ್ಪಿಗೆ ಮಜ್ಜಿಗೆ ಕೇಳಿ ತರುವ ಹಾಗೆ ಪಕ್ಕದ ಮನೆಯಿಂದ ಜ್ವರದ ಮಾತ್ರೆ ತರುವ ಜನ ನಾವು. ನಿನಗೂ ಉಬ್ಬಸವಾದರೆ ನನಗೂ ಒಂದು ಕೊಡವ್ವ ಅಂದರು ಅತ್ತೆ. ಇಲ್ಲವೆನ್ನಬೇಕಾದರೆ ಚೀಲದ ಕಥೆ ಬಿಚ್ಚಬೇಕು. ಪ್ರೇಮಕ್ಕ ಕೊಟ್ಟಳು.

ಆ ವಾರ ಅತ್ತೆ, ಎಷ್ಟೋ ವರ್ಷಗಳ ಮೇಲೆ, ಚಾಪೆಯಲ್ಲಿ ಕಾಲು ಚಾಚಿ ಮಲಗಿ ನಿದ್ದೆ ಮಾಡಿದರು. ಪ್ರೇಮಕ್ಕ ಬಾಗಿಲಲ್ಲಿ ನಿಂತು ಆ ನಿದ್ದೆಯನ್ನೇ ನೋಡುತ್ತಿದ್ದಳು. ಅಲ್ಲಿಂದಾಚೆಗೆ ಕೇಳಬೇಕೆ, ಒಂದು ದಿನ ಇವಳಿಗೆ, ಒಂದು ದಿನ ಅವರಿಗೆ. ಹೆಚ್ಚಿಗೆ ತರಿಸೇ ಎಂದರೆ, ಯಾರಿಗೆ ಎಂದು ಡಾಕ್ಟರು ಕೇಳುತ್ತಾರೆ ಅಂದಳು. ನಾನೇ ಅತ್ತೆಗೆ ಹೇಳುತ್ತೇನೆ ಎಂದು ಎದ್ದರೆ, ನನ್ನ ಕೈ ಹಿಡಿದು ತನ್ನ ತಲೆ ಮೇಲಿಟ್ಟುಕೊಂಡು ಆಣೆ ಹಾಕಿಸಿದಳು. ಹಾಳಾದವಳು! ಹಲ್ಲು ಕಚ್ಚಿಕೊಂಡು ಪಾತ್ರೆ ಕುಕ್ಕುವುದೊಂದೇ ನನಗೆ ಉಳಿದದ್ದು.

ಮಳೆಗಾಲ ಕಳೆಯುವ ಹೊತ್ತಿಗೆ ಎದೆ ಬಿಗಿಯತೊಡಗಿತು. ಕೈ ಎತ್ತಿದರೆ ಎಳೆತ, ಮಗ್ಗುಲಾದರೆ ನೋವು. ಮೈಸೂರಿಗೆ ನಾನೇ ಜೊತೆಗೆ ಹೋದೆ. ಡಾಕ್ಟರು ಒತ್ತಿ ನೋಡಿ, ಪೊರೆ ಗಟ್ಟಿಯಾಗುತ್ತಿದೆ, ಮುಂದೆ ಚೀಲ ತೆಗೆಯಬೇಕಾದರೂ ಬೇಕಾದೀತು ಅಂದರು. ಮಾತ್ರೆ ತಪ್ಪಿದ್ದಕ್ಕೇ ಹೀಗಾಯಿತೆಂದು ಹೇಳಲಾಗದು, ದಿನಾ ನುಂಗಿದ್ದರೂ ಆಗಬಹುದಿತ್ತು ಎಂದೂ ಅಂದರು. ಬಸ್ಸಿನಲ್ಲಿ ಪ್ರೇಮಕ್ಕ ಕಿಟಕಿಗೆ ತಲೆಯಾನಿಸಿ, ಈಚೆಗೆ ಹೊಳೆಯ ಕನಸು ಬೀಳುತ್ತಿಲ್ಲ ಎಂದಳು. ನನಗೆ ಅಳು ಬಂತು.

ದೀಪಾವಳಿಯಲ್ಲಿ ನೀರು ತುಂಬಿದ ಮರುದಿನ ಬೆಳಿಗ್ಗೆ ಮನೆಯವರಿಗೆಲ್ಲ ಅತ್ತೆಯೇ ಎಣ್ಣೆ ತಿಕ್ಕಬೇಕು. ಅದು ನಮ್ಮ ಮನೆಯ ಪದ್ಧತಿ, ಬೇಡವೆನ್ನುವಂತಿಲ್ಲ. ನಾನು ಬಚ್ಚಲ ಒಲೆಗೆ ಸೌದೆ ನೂಕುತ್ತಿದ್ದೆ. ಒಳಗೆಲ್ಲ ಹಬೆ, ಹರಳೆಣ್ಣೆಯ ವಾಸನೆ. ಪ್ರೇಮಕ್ಕ ಮಣೆ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಬೆನ್ನು ತಿಕ್ಕುತ್ತಿದ್ದ ಅತ್ತೆಯ ಕೈ ಭುಜ ದಾಟಿ ಎದೆಗಿಳಿದದ್ದು ಗಕ್ಕನೆ ನಿಂತಿತು. ಇದೇನು ಹೀಗೆ ಕಲ್ಲಾಗಿದೆ ಎಂದು ಕೇಳಿದರು. ಆ ಬಿಸಿಗೋ ಆ ಕೈಗೋ ಕಾಣೆ, ಅವಳು ಕಣ್ಣು ಬಿಡದೆಯೇ, ನಿದ್ದೆಯಲ್ಲಿ ಮಾತಾಡುವವಳ ಹಾಗೆ ಎಲ್ಲ ಹೇಳಿಬಿಟ್ಟಳು. ಚೀಲ, ಪೊರೆ, ಮಾತ್ರೆ ಯಾಕಿತ್ತು ಎಂಬುದು, ಎಲ್ಲ.

ಅತ್ತೆ ಎಣ್ಣೆ ಬಟ್ಟಲನ್ನು ಕೆಳಗಿಟ್ಟರು.

"ಒಂದ್ ಮಾತು ಯೋಳಿದ್ರೆ ನಾ ಆ ಮಾತ್ರೆ ಮುಟ್ತಿದ್ನೇನೇ? ಉಸ್ರು ಕಟ್ಕಂಡೇ ಇರ್ತಿದ್ದೆ ಕಣೇ" ಅಂದರು ಅತ್ತೆ.

"ಅದ್ಕೇ ಯೋಳ್ಲಿಲ್ಲ ಕಣತ್ತೆ" ಅಂದಳು ಪ್ರೇಮಕ್ಕ.