‘ಲಾರ್ಜ್’ ಎಂಬ ಪದಕ್ಕೆ ನಾನು ಹೇಳಿದ ಅರ್ಥ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರು ಕಡೆಯ ಮುಕ್ಕುಂದಕ್ಕೆ ಹೊಸದಾಗಿ ಟೀಚರಾಗಿ ಬಂದಿದ್ದೆ. ಆ ವರ್ಷ ಕಾಲುವೆ ದಂಡೆಯ ನೀರೆತ್ತುವ ಮೋಟಾರುಗಳು ಒಂದರ ಹಿಂದೊಂದು ಕಳುವಾಗುತ್ತಿದ್ದವು. ಒಂದು ಬೆಳಿಗ್ಗೆ ಚಹಾದಂಗಡಿ ಮುಂದೆ ಯಾರೋ ಇಂಗ್ಲಿಷ್ ಪೇಪರನ್ನು ನನ್ನ ಕೈಗಿಟ್ಟು ಓದಲು ಹೇಳಿದರು. ಇಬ್ಬರು ಮೋಟಾರು ಕಳ್ಳರು ಸಿಕ್ಕಿದ್ದಾರೆ, ಮೂರನೆಯವನು ‘ಆ್ಯಟ್ ಲಾರ್ಜ್’ ಎಂದು ಬರೆದಿತ್ತು. ಲಾರ್ಜ್ ಎಂದರೆ ದೊಡ್ಡದು ಎಂಬುದಷ್ಟೇ ನನಗೆ ಗೊತ್ತಿದ್ದುದು. ತಡವರಿಸಿದರೆ ಮರ್ಯಾದೆ ಹೋದೀತೆಂದು, “ಮೂರನೇದಾಂವ ದೊಡ್ಡ ಆಳಂತ್ರೀ” ಎಂದುಬಿಟ್ಟೆ.

ಎಲ್ಲರ ಕಣ್ಣು ರಸ್ತೆಯಾಚೆ ಹೊರಳಿತು. ಅಲ್ಲಿ ಪಾಮನಕಲ್ಲೂರಿನಿಂದ ದುಡಿಯಲು ಬಂದಿದ್ದ ಕೂಲಿಯಾಳು ಲಾರಿಗೆ ಭತ್ತದ ಚೀಲ ಹೇರುತ್ತಿದ್ದ. ಯಾರ ಮನೆಯ ಬಾಗಿಲಲ್ಲೂ ತಲೆ ಬಗ್ಗಿಸಲೇಬೇಕಾದಂಥ ಎತ್ತರದ ಮನುಷ್ಯ.

ಆ ದಿನದಿಂದ ಅವನ ಪ್ರತಿ ಹೆಜ್ಜೆಗೂ ಒಂದು ಅರ್ಥ ಹುಟ್ಟಿತು. ಕಾಲುವೆಗೆ ಸ್ನಾನಕ್ಕೆ ಹೋದರೆ ಮೋಟಾರು ನೋಡಲು ಹೋದ. ಊರಿಗೆ ಹೋದರೆ ಮಾಲು ಸಾಗಿಸಲು ಹೋದ. ದಿನವೂ ಅವನಿಗೆ ಮಜ್ಜಿಗೆ ಕೊಡುತ್ತಿದ್ದ ನನ್ನ ಮನೆಯೊಡತಿ, “ಅಷ್ಟು ನಕ್ಕೋಂತ ಮಾತಾಡ್ತಾನಂದ್ರ ಏನೋ ಐತ್ರೀ ಟೀಚರ್” ಎಂದು ಗಡಿಗೆ ಒಳಗಿಟ್ಟಳು. ನಾನೂ ಅವನು ಹಾಯುವಾಗ ಕಿಟಕಿ ಮುಚ್ಚತೊಡಗಿದೆ. ಕೆಲಸಕ್ಕೆ ಕರೆಯುವವರೇ ಇಲ್ಲವಾಗಿ ವಾರದೊಳಗೆ ಅವನು ಗಂಟು ಕಟ್ಟಿಕೊಂಡು ತನ್ನೂರಿಗೆ ಮರಳಿದ.

ಮುಂದೆ ತರಬೇತಿಗೆ ಲಿಂಗಸುಗೂರಿಗೆ ಹೋದಾಗ, ಹಿರಿಯ ಇಂಗ್ಲಿಷ್ ಮೇಷ್ಟ್ರೊಬ್ಬರನ್ನು ಆ ಪದದ ಬಗ್ಗೆ ಕೇಳಿದೆ.

“ಲ್ಯಾಟಿನ್ನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದಮ್ಮಾ. ಮೊದಲ ಅದರ ಅರ್ಥ ಧಾರಾಳ ಅಂತ, ಕೈ ಬಿಚ್ಚಿ ಕೊಡೋದು. ಗಾತ್ರದ ಅರ್ಥ ಆಮ್ಯಾಲೆ ಬಂತು. ಕಟ್ಟಿಲ್ಲದ್ದು ಅನ್ನೋ ಹಳೇ ಅರ್ಥ ‘ಆ್ಯಟ್ ಲಾರ್ಜ್’ದಾಗ ಉಳದೈತಿ. ಕಳ್ಳ ಇನ್ನೂ ಸಿಕ್ಕಿಲ್ಲ ಅಂತ, ಅಷ್ಟ.”

ಮುಕ್ಕುಂದಕ್ಕೆ ಮರಳಿ ಚಹಾದಂಗಡಿಯಲ್ಲಿ ತಪ್ಪೊಪ್ಪಿಕೊಂಡೆ. ಅಂಗಡಿಯವನು ನನ್ನನ್ನೇ ದಿಟ್ಟಿಸಿದ. “ಅವತ್ತ ಹಂಗಂದ್ರಿ, ಇವತ್ತ ಹಿಂಗಂತೀರಿ. ಅಂವ ನಿಮಗೇನಾಗಬೇಕ್ರೀ?”

ಆ ಭಾನುವಾರ ಮಸ್ಕಿಯಲ್ಲಿ ಬಸ್ಸು ಬದಲಿಸಿ ಪಾಮನಕಲ್ಲೂರಿಗೆ ಹೋದೆ. ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ.

“ಪೇಪರ್‌ದಾಗ ನನ್ನ ಹೆಸರಿತ್ತೇನ್ರೀ?”

“ಇಲ್ಲ.”

“ಮತ್ತ ಎಲ್ಲಾರೂ ನನ್ನ ಕಡೆ ಯಾಕ ನೋಡಿದ್ರು?”

ನೀರು ತಂದ ಅವನ ಹೆಂಡತಿ ನನ್ನ ಕೈಚೀಲವನ್ನೇ ನೋಡುತ್ತ ಗಂಡನಿಗೆ ಮೆಲ್ಲಗೆ, “ಈಕೀನ್ನ ಯಾರು ಕಳಿಸ್ಯಾರ, ಕೇಳು” ಎಂದಳು. ಯಾರೂ ಕಳಿಸಿಲ್ಲ ಎಂದೆ. ಆಕೆ ನಂಬಲಿಲ್ಲ.

ಮುಂದಿನ ಸುಗ್ಗಿಗೆ ಅವನು ದಢೇಸುಗೂರಿನಲ್ಲಿ ದುಡಿಯುತ್ತಿದ್ದನೆಂದು ಕೇಳಿದೆ. ಮುಕ್ಕುಂದಕ್ಕೆ ಮತ್ತೆ ಬರಲಿಲ್ಲ.