ಹೆಡ್ ಮಾಸ್ತರರ ಖೋಲಿಗೆ ನುಗ್ಗಿದ ಗೆರೆ

ಗಜೇಂದ್ರಗಡದವನಾದ ನಾನು ನರೇಗಲ್ಲಿನ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಬಂದ ಹೊಸತು. ಗದಗಿನಿಂದ ತರಿಸಿದ್ದ ಗ್ರಾಫ್ ಹಾಳೆಗಳ ಕಟ್ಟನ್ನು ಯಾರೋ ಚುರುಮುರಿ ಕಟ್ಟಲು ಒಯ್ದಿದ್ದರು. ಅಂಗಳದಿಂದ ಖೋಲಿಗಳ ಒಳಗಿನವರೆಗೂ ಒಂದೇ ಅಳತೆಯ ಚೌಕದ ಫರಸಿ ಕಲ್ಲು ಹಾಸಿತ್ತು. ಅದನ್ನೇ ಹಾಳೆ ಮಾಡಿಕೊಂಡೆ. ಮೂಲೆಯ ಕಲ್ಲಿಗೆ ಸುಣ್ಣದಿಂದ ಸೊನ್ನೆ ಬರೆದು, ಬೇವಿನ ಗಿಡದತ್ತ ಎಕ್ಸ್, ಹೆಡ್ ಮಾಸ್ತರರ ಖೋಲಿಯತ್ತ ವಾಯ್ ಎಂದು ಗೆರೆ ಎಳೆದೆ.

"ಎಕ್ಸ್ ನಿಮಗ ಬೇಕಾದ್ದು ತಗೋರಿ. ಅದರ ಎರಡು ಪಟ್ಟಿಗೆ ಒಂದು ಕೂಡಿಸಿದ್ರ ವಾಯ್. ಆ ಕಲ್ಲಿನ ಮ್ಯಾಲೆ ಹೋಗಿ ನಿಂದರ್ರಿ" ಎಂದೆ.

ಲೆಕ್ಕ ಸಲೀಸೆಂದು ಎಲ್ಲರೂ ಸೊನ್ನೆಯನ್ನೇ ಹಿಡಿದು ಒಂದೇ ಕಲ್ಲಿಗೆ ನೂಕಾಡಿದರು. ಗದರಿಸಿ ಚದುರಿಸಿದೆ. ಒಂದಕ್ಕೆ ಮೂರು, ಮೂರಕ್ಕೆ ಏಳು ಎಂದು ಹುಡುಗರು ಸಾಲಾಗಿ ನಿಂತರು. ಅಬ್ಬಿಗೇರಿಯವನೊಬ್ಬ ಮಾತ್ರ ದೂರ, ಗಿಡದತ್ತ ಐದನೆಯ ಕಲ್ಲಿನ ಸಾಲಿನಲ್ಲಿ, ಬೇವಿನ ನೆರಳಿನಲ್ಲಿ.

"ಎರಡಕ್ಕ ಐದ್ರಿ ಸರ್ರ" ಎಂದ.

"ಎರಡು ಗಿಡದ ಕಡೆ, ಐದು ಖೋಲಿ ಕಡೆ. ಜೋಡಿ ತಿರುವಿದ್ರ ಜಾಗಾನೂ ತಿರುಗತೈತಿ."

"ಇಲ್ಲಿ ತಂಪೈತ್ರಿ" ಎಂದು ಗೊಣಗುತ್ತ ಬಿಸಿಲಿಗೆ ಬಂದ.

ವರ್ಗದಲ್ಲಿ ಒಬ್ಬಳೇ ಹುಡುಗಿ, ಪೇಟೆಯ ಕಿರಾಣಿ ಅಂಗಡಿಯವರ ಮಗಳು. "ಬೇಕಾದ್ದು ಅಂದ್ರ ಖರೇನ ಬೇಕಾದ್ದೇನ್ರಿ?" ಎಂದು ಕೇಳಿದಳು.

"ಹೌದವಾ."

ಆರು ಹಿಡಿದಳು. ಆರು ಕಲ್ಲು ಗಿಡದತ್ತ ನಡೆದು, ಹದಿಮೂರು ಎಣಿಸುತ್ತ ಪಡಸಾಲೆ ಹತ್ತಿ ಸೀದಾ ಹೆಡ್ ಮಾಸ್ತರರ ಖೋಲಿಗೆ ನುಗ್ಗಿದಳು. ನಾನು ಹಿಂದೆ ಓಡಿದೆ. ಅವರ ಸಿಟ್ಟಿಗೆ ಊರೇ ಹೆದರುತ್ತಿತ್ತು.

"ಏನವಾ ಇದು?"

"ನನ್ನ ಬಿಂದು ನಿಮ್ಮ ಟೇಬಲ್ ಕೆಳಗ ಐತ್ರಿ. ಸ್ವಲ್ಪ ಸರಸ್ತೀರೇನ್ರಿ?"

ಅವರು ಎದ್ದು ಬಂದು ಬಾಗಿಲಲ್ಲಿ ನಿಂತರು. ಕಲ್ಲು ಎಣಿಸಿದರು. ಒಂದು ಕಣ್ಣು ಮುಚ್ಚಿ ಹುಡುಗರ ತಲೆಗಳ ಸಾಲು ನೋಡಿದರು.

"ಬರೋಬ್ಬರಿ ಅದ. ಟೇಬಲ್ ಸರಸ್ರಿ."

ನಾನೂ ಶಾಲೆಯ ಸಿಪಾಯಿಯೂ ಸರಿಸಿದೆವು. ಹುಡುಗಿ ಬಿಗುಮಾನದಿಂದ ತನ್ನ ಕಲ್ಲಿನ ಮೇಲೆ ನಿಂತಳು.

"ಮಾಸ್ತರ್ರ, ಈ ಗೆರಿ ಇಲ್ಲೇ ಮುಗೀತದೇನು?"

"ಇಲ್ರೀ, ಎಷ್ಟು ದೂರ ಬೇಕಾದ್ರೂ ಹೋಗ್ತದ್ರಿ."

"ಎಕ್ಸ್ ಇಪ್ಪತ್ತಾದ್ರ?"

"ನಲವತ್ತೊಂದ್ರಿ!" ಹುಡುಗಿಯೇ ಹೇಳಿದಳು.

ಅವರು ಹಿಂದಿನ ಕಿಟಕಿಯಿಂದ ಬೆರಳು ಚಾಚಿ, ರಸ್ತೆ ದಾಟಿಸಿ ಅಂದಾಜು ಮಾಡಿದರು. "ಹೋಟೆಲಿನೊಳಗ ಬರ್ತದ. ನಾನಽ ಹೋಗಿ ತಾಳೆ ನೋಡ್ತೀನಿ" ಎಂದು ರುಮಾಲು ಸರಿಪಡಿಸಿಕೊಂಡು ಹೊರಟೇಬಿಟ್ಟರು.

ತಾಸು ಮುಗಿಯುವ ಹೊತ್ತಿಗೆ ಮೀಸೆ ಒರೆಸುತ್ತ ಬಂದರು. ಮೈಯೆಲ್ಲ ಮೆಣಸಿನಕಾಯಿ ಭಜಿಯ ವಾಸನೆ.

"ಉತ್ತರ ಖರೇ ಅದ" ಎಂದರು.

ಮರುದಿನ ಇಡೀ ವರ್ಗ ಇಪ್ಪತ್ತೇ ಬೇಕೆಂದು ಹಟ ಹಿಡಿಯಿತು.